ಬರಿಗೈಯಲ್ಲಿ ಬಂದ ಜೋಡಿ

ಧಾರವಾಡ
ಫೆಬ್ರವರಿ 30, 2103

ಪ್ರೀತಿಯ ಶಿವಲೀಲಜ್ಜಿ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಬಂದು ನಿಮ್ಮನ್ನು ತಲುಪುವಾಗ ನಿಮಗೆ ನನ್ನಷ್ಟೇ ವಯಸ್ಸು. ಆದರೂ ನಾನು ನಿಮ್ಮ ಮರಿಮಗ ನಿಜಗುಣನ ಹೆಂಡತಿ, ಅಜ್ಜಿ ಎನ್ನದೆ ಇನ್ನೇನೆನ್ನಲಿ! ಮದುವೆಯಾಗಿ ಇನ್ನೂ ವಾರವಾಗಿಲ್ಲ. ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಜೊತೆಗೆ ಇಷ್ಟೊಂದು ಖುಷಿ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾಳೆ ನೀವೆಲ್ಲ ಕಾರ್ಖಾನೆಯ ಗೇಟಿನ ಮುಂದೆ ಕೂರುತ್ತೀರಿ. ಅಗ್ಗದ ವಿದೇಶಿ ಎಲೆಕ್ಟ್ರಿಕ್ ಕಾರುಗಳು ನಮ್ಮ ಕೆಲಸ ನುಂಗುತ್ತಿವೆ, ಆಮದು ಸುಂಕ ಏರಿಸಿ ಎಂದು ಕೇಳುತ್ತೀರಿ, ಗೆಲ್ಲುತ್ತೀರಿ. ಆ ಸುಂಕವನ್ನು ನಾವು ‘ಗೋಡೆ’ ಎನ್ನುತ್ತೇವೆ. ಗೋಡೆ ಬಂತೆಂದು ನೀವು ಮೈಮರೆಯುವುದಿಲ್ಲ. ಆ ಕಾರುಗಳನ್ನೇ ಒಂದು ಶೆಡ್ಡಿಗೆ ತಂದು, ಬಿಚ್ಚಿ ಬಿಚ್ಚಿ ಕಲಿಯುತ್ತೀರಿ. ಆ ಶೆಡ್ಡೇ ಈಗ ನಮ್ಮ ‘ಬಿಚ್ಚುಮನೆ’. ಕಾರ್ಖಾನೆಯವರ ಮನೆಯಲ್ಲಿ ಮದುವೆಯಾದರೆ ಜೋಡಿ ಮಂಟಪದಿಂದ ನೇರ ಅಲ್ಲಿಗೇ ಹೋಗಬೇಕು. ಹೊಸ ವಿದೇಶಿ ಕಾರೊಂದನ್ನು ಬಿಚ್ಚಿ, ನಮ್ಮ ಕಾರಿನಲ್ಲಿಲ್ಲದ ಒಂದಾದರೂ ಭಾಗ ಹಿಡಿದು ಹೊರಬರಬೇಕು. ಬರಿಗೈಯಲ್ಲಿ ಬಂದರೆ ಅಪಶಕುನ. ಅತ್ತೆ ತಮ್ಮ ಮದುವೆಯಲ್ಲಿ ತಂದದ್ದು ಬ್ಯಾಟರಿ ತಂಪಾಗಿಡುವ ಒಂದು ತಗಡು. ಈಗ ಅದು ನಮ್ಮ ಪ್ರತಿ ಕಾರಿನಲ್ಲೂ ಇದೆ!

ನಾವೂ ಬಿಚ್ಚಿದೆವು. ಮದುವೆ ಸೀರೆಗೆಲ್ಲ ಗ್ರೀಸು! ಮೋಟರು, ಬ್ಯಾಟರಿ, ಬ್ರೇಕು ಯಾವುದರಲ್ಲೂ ಹೊಸದೇನೂ ಸಿಗಲಿಲ್ಲ. ಬಾಗಿಲಲ್ಲಿ ಕಾಯುತ್ತಿದ್ದ ಅತ್ತೆ ಗದರಿದರು:

“ಲೇ ನಿಜಗುಣಾ, ಹೇಂತಿ ಮಾರಿ ನೋಡ್ಕೋತ ಬಿಚ್ಚಿದ್ರ ಏನ್ ಸಿಗತೈತಿ? ಛಲೋತ್ನಂಗ ಹುಡುಕು!”

“ಯವ್ವಾ, ಎಲ್ಲಾ ನೋಡೇವಿ. ನಮ್ಮ ಗಾಡ್ಯಾಗ ಇಲ್ಲದ್ದು ಇದರಾಗ ಏನೂ ಇಲ್ಲ.”

ಅತ್ತೆ ಒಳಗೆ ಬಂದು ಒಂದೊಂದು ಭಾಗವನ್ನೂ ತಿರುಗಿಸಿ ನೋಡಿದರು. ಆಮೇಲೆ ನನ್ನ ಖಾಲಿ ಕೈಗಳನ್ನು ಹಿಡಿದುಕೊಂಡು ಅತ್ತರು, ನಕ್ಕರು.

ಗೋಡೆಯನ್ನು ಮುಂದುವರಿಸಲು ಕೇಳಬೇಕೇ ಬೇಡವೇ ಎಂದು ಇವತ್ತು ಕಾರ್ಮಿಕರ ಸಭೆಯಿತ್ತು. ಗೋಡೆ ಬಿದ್ದು ನಮ್ಮ ಕಾರು ಸೋತರೆ ನಮ್ಮಿಬ್ಬರ ಕೆಲಸವೂ ಹೋಗುತ್ತದೆ. ಸಂಘದ ಅಧ್ಯಕ್ಷೆ ಅತ್ತೆಯೇ, ಜೀವಮಾನವಿಡೀ ಗೋಡೆಯನ್ನು ಕಾಪಾಡಿದವರು. ಅವರೇ ಎದ್ದು, “ಗ್ವಾಡಿ ಸಾಕು. ಬರ್ಲಿ ಅವ್ರು, ನೋಡೇಬಿಡೋಣು!” ಎಂದರು. ಸಭೆಗೆ ಸಭೆಯೇ ಕೈ ಎತ್ತಿತು. ನಾನೂ ಎತ್ತಿದೆ. ಹೆಮ್ಮೆಯಿಂದ ಎದೆ ಬಿರಿಯುವಂತಿತ್ತು, ಅಜ್ಜಿ!

ಒಂದೇ ಬೇಡಿಕೆ. ನಾಳೆ ಸುಂಕ ಕೇಳುವಾಗ, ಅದು ಯಾವ ವರ್ಷ ಮುಗಿಯಬೇಕೆಂಬುದನ್ನೂ ನೀವೇ ಹೇಳಿ ಬರೆಸಿ. ಗಡುವಿಲ್ಲದ್ದರಿಂದ ಅವರ ಸಮಕ್ಕೆ ಬರಲು ನಮಗೆ ಇಷ್ಟು ತಲೆಮಾರು ಹಿಡಿಯಿತು. ಹೆದರಬೇಡಿ. ನಿಮ್ಮ ಕೈಗಳಿಗೆ ಆ ಶಕ್ತಿಯಿದೆ ಎಂಬುದನ್ನು ನಾನು ಇಲ್ಲಿಂದ ನೋಡಿಯೇ ಹೇಳುತ್ತಿದ್ದೇನೆ.

ನಿಮ್ಮ ಮನೆಯ ಸೊಸೆ,
ನೀಲಾಂಬಿಕಾ