ನೀಲಿ ಕುರ್ಚಿಗಳ ಸಾಲು

ಮಾರ್ಚ್ 3, ಮಂಗಳವಾರ

ಇವತ್ತೂ ಹೋಗಿಬಂದೆ. ಇವತ್ತೂ ನೀಲಿ ಕುರ್ಚಿ.

ಶಿಶುವಿಹಾರದ ಕ್ಲಾಸ್‌ರೂಮು ಅದು. ಸಂಜೆ ಬಾಡಿಗೆಗೆ ಕೊಡುತ್ತಾರೆ. ಮಕ್ಕಳ ಕುರ್ಚಿಗಳು, ಕೂತರೆ ಮಂಡಿ ಗದ್ದಕ್ಕೆ ಬರುತ್ತದೆ. ಕಿಟಕಿ ಕಡೆ ಕೆಂಪು ಕುರ್ಚಿ, ಕುಡಿತ ಬಿಡಲು ಬಂದವರಿಗೆ. ಬಾಗಿಲ ಕಡೆ ನೀಲಿ, ಅವರ ಮನೆಯವರಿಗೆ. ಮೊದಲ ದಿನ ಬಾಗಿಲಲ್ಲೇ ಚೇರ್‌ಮನ್ ಕೇಳಿದ್ದರು — "ಯಾರ ಸಲುವಾಗಿ ಬಂದಿದೀರಮ್ಮ?" ಚೇರ್‌ಮನ್ ಅಂದರೆ ಅಧ್ಯಕ್ಷರೇನಲ್ಲ. ಕುರ್ಚಿ ಹಾಕುವವರು. ಹಿಂದೆ ಅವರೂ ಕುಡಿದು ಚರಂಡಿಯಲ್ಲಿ ಮಲಗಿದವರೇ, ಈಗ ಎಷ್ಟೋ ವರ್ಷದಿಂದ ಮುಟ್ಟಿಲ್ಲ. "ನನ್ನ ಸಲುವಾಗಿಯೇ" ಅನ್ನಬೇಕಿತ್ತು ನಾನು. ನಾಲಿಗೆ ತುದಿಗೆ ಬಂದಿತ್ತು ಕೂಡ. ಬಾಯಿಂದ ಬಿದ್ದದ್ದು "ತಮ್ಮ" ಅಂತ.

ಅಯ್ಯೋ ಪಾಪ ಅಂದು ನೀಲಿ ಕುರ್ಚಿ ಎಳೆದು ಕೊಟ್ಟರು. ಕೂತೆ. ಕೂತವಳು ಇನ್ನೂ ಎದ್ದಿಲ್ಲ.

ನನ್ನ ತಮ್ಮನೋ, ಕೆಮ್ಮಿನ ಔಷಧಿ ಕುಡಿಯುವ ಮುಂಚೆಯೂ ಆಲ್ಕೋಹಾಲ್ ಇದೆಯಾ ಅಂತ ಲೇಬಲ್ ಓದುವ ಪ್ರಾಣಿ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾನೆ. ನನ್ನ ಸಂಸಾರ ಮುಗಿದ ಮೇಲೆ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಅವನ ಮನೆಗೆ ಬಂದವಳು ನಾನು. ಅವನಿಗೆ ಈ ಗುಂಪಿನ ವಿಷಯ ಗೊತ್ತಿಲ್ಲ. ಯೋಗ ಕ್ಲಾಸ್ ಅಂದಿದ್ದೇನೆ.

ಹೋಗುವ ಮುಂಚೆ ಬಾಟಲಿಯಿಂದ ಎರಡು ಮುಚ್ಚಳ ಅಳೆದು ಹಾಕಿಕೊಂಡೇ ಹೋಗಿದ್ದೆ. ಅದಿಲ್ಲದೆ ಅಲ್ಲಿ ಕೂರಲು ಧೈರ್ಯ ಸಾಲುವುದಿಲ್ಲ.

ಮಾರ್ಚ್ 7, ಶನಿವಾರ

ಕ್ಲಿನಿಕ್‌ನಲ್ಲಿ ಎಂಟು ಪೇಷಂಟ್. ಡಾಕ್ಟರ್ ಮೇಡಂ ಡ್ರಿಲ್ ಹಿಡಿದರೆ ನಾನು ಉಗುಳು ಹೀರುವ ಪೈಪು ಹಿಡಿಯಬೇಕು. ಹಲ್ಲಿನ ಕ್ಲಿನಿಕ್ — ಲವಂಗದೆಣ್ಣೆ, ಸ್ಪಿರಿಟ್, ಮೌತ್‌ವಾಶ್, ಮೇಲೆ ಮಾಸ್ಕ್. ನನ್ನ ವಾಸನೆ ಎಲ್ಲಿಂದ ಗೊತ್ತಾಗಬೇಕು. ಮಾಸ್ಕ್ ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ.

ಸಂಜೆ ಗುಂಪಿನಲ್ಲಿ ಮಾತಾಡಿದೆ. "ತಮ್ಮ" ಫ್ಲಶ್ ಟ್ಯಾಂಕಿನೊಳಗೆ ಬಾಟಲಿ ಹೇಗೆ ಬಚ್ಚಿಡುತ್ತಾನೆ, ಬೆಳಿಗ್ಗೆ ಹೇಗೆ ಕೈ ನಡುಗುತ್ತದೆ, ನಾಳೆಯಿಂದ ಬಿಡುತ್ತೇನೆ ಅಂತ ಹೇಗೆ ಆಣೆ ಹಾಕುತ್ತಾನೆ. ಎಲ್ಲ ನಿಜ, ಕರ್ತೃ ಒಂದು ಬಿಟ್ಟು. ಪಕ್ಕದ ಬ್ಯಾಂಕಿನಾಕೆ ಕೈ ಹಿಡಿದುಕೊಂಡಳು. ಅವಳ ಗಂಡ ಎದುರು ಕೆಂಪು ಕುರ್ಚಿಯಲ್ಲಿ. "ನಿಮ್ಮ ತಪ್ಪಲ್ಲ ಇದು" ಅಂದಳು. ಅತ್ತುಬಿಟ್ಟೆ, ಸುಳ್ಳು ಅಳುವಲ್ಲ.

ಇಂಥ ಗುಂಪುಗಳಿಂದ ಉಪಯೋಗ ಇದೆಯಾ? ಇದೆ. ಆ ಬಸ್ ಡ್ರೈವರ್ ಮೊದಲು ಟೀ ಲೋಟ ಎರಡು ಕೈಯಲ್ಲಿ ಹಿಡಿಯುತ್ತಿದ್ದ, ಈಗ ಒಂದೇ ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬಿಸ್ಕತ್ತು ಅದ್ದುತ್ತಾನೆ. ಎದುರು ಸಾಲಿಗೆ ಉಪಯೋಗ ಆಗುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ನಡುವೆ ನಾಲ್ಕು ಹೆಜ್ಜೆ ಜಾಗ. ನನಗೆ ಸಿಗುವುದು ಅಯ್ಯೋ ಪಾಪ ಮಾತ್ರ. ಅದನ್ನು ಮನೆಗೆ ತಂದು, ಅದರ ಮೇಲೆ ಇನ್ನೆರಡು ಮುಚ್ಚಳ ಕುಡಿದೆ.

ಮಾರ್ಚ್ 10, ಮಂಗಳವಾರ

ಎಡವಟ್ಟಾಯಿತು. ಚೇರ್‌ಮನ್ ಮನೆಗೇ ಬರುತ್ತಾರಂತೆ. "ನೀವು ಕರೆದ್ರೆ ಬರಲ್ಲ ಅವನು. ನಾವೇ ಬಂದು ಮಾತಾಡ್ತೀವಿ. ಭಾನುವಾರ ಇರ್ತಾನಾ ಮನೇಲಿ?"

ಬೇಡ ಅಂದೆ. ಕೋಪಿಷ್ಠ ಅಂದೆ. ಊರಲ್ಲಿಲ್ಲ ಅಂದೆ. ಮೂರು ನೆಪ ಒಟ್ಟಿಗೆ ಹೇಳಿದರೆ ಯಾರು ನಂಬುತ್ತಾರೆ. "ಹೆದರ್ಬೇಡಿ, ಎಲ್ಲ ಮನೆಯವರೂ ಹೀಗೇ ಅಂತಾರೆ" ಎಂದರು. ಅಡ್ರೆಸ್ ರಿಜಿಸ್ಟರಿನಲ್ಲಿ ನಾನೇ ಬರೆದುಕೊಟ್ಟಿದ್ದೆ.

ಇನ್ನು ಅಲ್ಲಿಗೆ ಕಾಲಿಡಬಾರದು.

ಮಾರ್ಚ್ 15, ಭಾನುವಾರ

ಬಂದರು. ಚೇರ್‌ಮನ್, ಬ್ಯಾಂಕಿನಾಕೆ. ತಮ್ಮ ನಡುಮನೆಯಲ್ಲಿ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತೆ. ಭೂಮಿ ಬಾಯಿಬಿಡಲಿಲ್ಲ, ಎಷ್ಟು ಬೇಡಿಕೊಂಡರೂ.

ಚೇರ್‌ಮನ್ ಮೆಲ್ಲಗೆ ಶುರುಮಾಡಿದರು. "ನೋಡಪ್ಪ, ನಾಚಿಕೆ ಪಡೋದೇನಿಲ್ಲ. ನಾನೂ ನಿನ್ನ ಥರಾನೇ ಇದ್ದೆ. ನಿಮ್ಮಕ್ಕ ಎಲ್ಲಾ ಹೇಳಿದಾರೆ."

ತಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟ. ನನ್ನ ಕಡೆ ನೋಡಿದ. ಒಂದೇ ಒಂದು ಸಲ. ಈಗ ನಗುತ್ತಾನೆ, ಈಗ ಬಯ್ಯುತ್ತಾನೆ ಅಂದುಕೊಂಡೆ. ಅವನು ತಲೆ ತಗ್ಗಿಸಿ, "ಹೌದು ಸರ್. ಬರ್ತೀನಿ" ಅಂದ.

ಅವರು ಹೋದ ಮೇಲೆ ಮತ್ತೆ ಮಿಕ್ಸಿ. ನಾನೇ ಕೇಳಿದೆ, ಯಾಕೆ ಒಪ್ಪಿಕೊಂಡೆ ಅಂತ.

"ಒಪ್ಪಲಿಲ್ಲ ಅಂದಿದ್ರೆ ನೀನು ಅಲ್ಲಿಗೆ ಹೋಗೋದು ಬಿಡ್ತಿದ್ದೆ."

"ನಾನು ಕುಡಿಯೋದು ನಿಂಗೆ ಗೊತ್ತಿತ್ತಾ?"

"ಫ್ಲಶ್ ಟ್ಯಾಂಕ್ ರಿಪೇರಿ ಮಾಡೋನು ನಾನೇ ತಾನೆ ಅಕ್ಕ." ಅಷ್ಟೇ ಅಂದ. ಬ್ಲೇಡಿನಲ್ಲಿ ಸಿಕ್ಕಿದ ದಾರ ಬಿಡಿಸುತ್ತಾ ಕೂತ.

ಮಾರ್ಚ್ 17, ಮಂಗಳವಾರ

ತಮ್ಮ ಕೆಂಪು ಕುರ್ಚಿಯಲ್ಲಿ. ನಾನು ನೀಲಿ ಕುರ್ಚಿಯಲ್ಲಿ. ಎದುರುಬದುರು.

ಹೋಗುವಾಗ ಸ್ಕೂಟರಿನಲ್ಲಿ ಅಂದಿದ್ದ — "ನಾನು ಸುಮ್ನೆ ಕೂತಿರ್ತೀನಿ. ಮಾತಾಡಲ್ಲ. ಮನಸ್ಸಾದಾಗ ನೀನೇ ನಿಜ ಹೇಳು, ನಾನು ಎದ್ದು ಮನೆಯವರ ಕಡೆ ಬಂದ್ಬಿಡ್ತೀನಿ." ಹೊಸಬರನ್ನು ಬಿಡುತ್ತಾರೆಯೇ. ಎಲ್ಲರೂ ಅವನ ಮುಖ ನೋಡುತ್ತಾ ಕಾದರು. ಅವನು ನನ್ನ ಮುಖ ನೋಡುತ್ತಾ ಕಾದ. ನಾನು ನೆಲದ ಮೇಲೆ ಬಿದ್ದಿದ್ದ ಬಳಪದ ಚೂರು ನೋಡುತ್ತಾ ಕೂತೆ. ಕೊನೆಗೆ ಅವನೇ ಬಾಯಿಬಿಟ್ಟ.

ನನ್ನ ಕಥೆ, ತನ್ನದೇ ಅನ್ನುವ ಹಾಗೆ. ಅಕ್ಷರ ಬಿಡದೆ. ಮುಚ್ಚಳದಲ್ಲಿ ಅಳೆಯುವುದು, ಏಲಕ್ಕಿ ಅಗಿಯುವುದು, ಖಾಲಿ ಬಾಟಲಿಯನ್ನು ಹಳೇ ಟವೆಲಿನಲ್ಲಿ ಸುತ್ತಿ ಪಕ್ಕದ ಬೀದಿಯ ಕಸಕ್ಕೆ ಹಾಕುವುದು. ಇಷ್ಟೆಲ್ಲ ನೋಡಿಕೊಂಡು ಈ ಮನುಷ್ಯ ಬೆಳಿಗ್ಗೆ ನನಗೆ ಕಾಫಿ ಕೊಡುತ್ತಿದ್ದ.

ಆಮೇಲೆ ಅಂದ — "ಒಂದ್ಸಲ ಹಾಲು ಕಾಯಿಸೋಕೆ ಗ್ಯಾಸ್ ತಿರುಗಿಸಿ, ಲೈಟರ್ ಹುಡುಕ್ತಾ ಅಲ್ಲೇ ನೆಲದ ಮೇಲೆ ನಿದ್ದೆ ಹೋಗ್ಬಿಟ್ಟೆ. ಮನೇಲಿ ಇನ್ನೊಬ್ರು ಮಲಗಿದ್ರು. ಅವ್ರು ಎದ್ದು ಆಫ್ ಮಾಡಿದ್ರು. ಇಲ್ಲಾಂದ್ರೆ ಇಬ್ರೂ ಇರ್ತಿರ್ಲಿಲ್ಲ."

ಆ ದಿನ ನೆನಪಿದೆ. ಎದ್ದಾಗ ಗ್ಯಾಸ್ ಆಫ್ ಇತ್ತು, ಕಿಟಕಿಗಳೆಲ್ಲ ತೆರೆದಿದ್ದವು. ನಾನೇ ಆಫ್ ಮಾಡಿ ಮಲಗಿದ್ದೆ ಅಂದುಕೊಂಡಿದ್ದೆ. ಎಷ್ಟು ಕುಡಿದರೂ ಜ್ಞಾನ ತಪ್ಪುವವಳಲ್ಲ ಅಂತ ಒಳಗೊಳಗೇ ಹೆಮ್ಮೆ ಬೇರೆ.

ಬ್ಯಾಂಕಿನಾಕೆ ಕಿವಿಯಲ್ಲಿ ಅಂದಳು — "ನೀವೇ ಅಲ್ವಾ ಆಫ್ ಮಾಡಿದ್ದು? ದೇವತೆ ಕಣ್ರೀ ನೀವು."

ಹೊರಗೆ ಓಡಿದೆ.

ಮಾರ್ಚ್ 28, ಶನಿವಾರ

ಬರೆಯಲು ಆಗಿರಲಿಲ್ಲ. ಪೆನ್ನು ನಿಲ್ಲುತ್ತಿರಲಿಲ್ಲ.

ಆ ಮಂಗಳವಾರದಿಂದ ಮುಟ್ಟಿಲ್ಲ. ಮೊದಲ ದಿನಗಳು ಬೇಡ, ಅದನ್ನು ಬರೆಯುವುದಿಲ್ಲ. ಬೆವರು, ಗೋಡೆಯ ಮೇಲೆ ಇಲ್ಲದ ಹುಳಗಳು. ತಮ್ಮನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಾತ್ರೆ ಕೊಡಿಸಿದ. ಕ್ಲಿನಿಕ್‌ಗೆ ಜ್ವರ ಅಂತ ಫೋನ್ ಮಾಡಿದವನೂ ಅವನೇ.

ಈಗ ಪರವಾಗಿಲ್ಲ. ಅನ್ನ ಸೇರುತ್ತಿದೆ. ಇವತ್ತು ಪೈಪು ಹಿಡಿದಾಗ ಕೈ ಅಲುಗಲಿಲ್ಲ. ಡಾಕ್ಟರ್ ಮೇಡಂ "ಜ್ವರ ಬಂದು ಹೋಗಿದ್ದೇ ಒಳ್ಳೇದಾಯ್ತು ನೋಡಿ, ಫ್ರೆಶ್ ಆಗಿದೀರ" ಎಂದರು.

ಗುಂಪಿಗೆ ಇಬ್ಬರೂ ಹೋಗುತ್ತಿದ್ದೇವೆ. ಅವನು ಹೇಳುತ್ತಾನೆ, ನಾನು ಕೇಳಿಸಿಕೊಳ್ಳುತ್ತೇನೆ. ಚೇರ್‌ಮನ್ ಅವನಿಗೆ ಕೊಡುವ ಬುದ್ಧಿಮಾತನ್ನೆಲ್ಲ ನಾನು ಮನೆಗೆ ತಂದುಕೊಳ್ಳುತ್ತೇನೆ. ಹೀಗೇ ನಡೆದರೆ ನಡೆಯಲಿ ಅಂತಲೂ ಅನಿಸುತ್ತದೆ... ಅನಿಸಬಾರದು. ಮುಂದಿನ ವಾರ ಹೇಳುತ್ತೇನೆ.

ಏಪ್ರಿಲ್ 2, ಗುರುವಾರ

ಬ್ಯಾಂಕಿನಾಕೆಯ ಮಗ ಕಾರು ಕಲಿಯಲು ಸೇರಿದ್ದು ತಮ್ಮನ ಸ್ಕೂಲಿಗೇ. ಕೋಣೆಯ ಮಾತು ಕೋಣೆಯಲ್ಲೇ ಇರಬೇಕು ಅಂತ ಗುಂಪಿನ ನಿಯಮ. ಆದರೆ ಮಗನ ಪಕ್ಕದ ಸೀಟಿನಲ್ಲಿ ಕುಡುಕ ಕೂರುತ್ತಾನೆ ಅಂದರೆ ಯಾವ ತಾಯಿ ಸುಮ್ಮನಿರುತ್ತಾಳೆ. ನಾನಾಗಿದ್ದರೂ ಸುಮ್ಮನಿರುತ್ತಿರಲಿಲ್ಲ.

ಅವಳು ಹೇಳಿದ ಮೇಲೆ ಸ್ಕೂಲಿನ ಓನರ್ ಕಾರಿನ ಕೀ ಇಸಿದುಕೊಂಡರಂತೆ. ತಮ್ಮ ಪೊಲೀಸರ ಮೆಶಿನ್‌ಗೆ ಊದಿ ತೋರಿಸುತ್ತೇನೆ ಅಂದನಂತೆ. "ಅದು ಇವತ್ತಿಂದು ಹೇಳುತ್ತೆ. ನಿನ್ನೆ ನಾಳೆದು ಯಾರು ಹೇಳ್ತಾರೆ" ಎಂದರಂತೆ. ಹನ್ನೆರಡು ವರ್ಷ ಅಲ್ಲಿ ದುಡಿದಿದ್ದಾನೆ. ಅವನಿಗೆ ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಕಲಿಯುವವರು ಮೊದಲ ಸಲ ಕ್ಲಚ್ ಸರಿಯಾಗಿ ಬಿಟ್ಟರೆ ಮನೆಗೆ ಬಂದು ಹಬ್ಬದ ಥರ ಹೇಳುವವನು.

"ನೀನೇನೂ ಮಾಡ್ಬೇಡ ಅಕ್ಕ. ಈಗ ತಾನೇ ಸರಿ ಹೋಗ್ತಿದೀಯ" ಅಂದು ಮಲಗಿದ. ಊಟ ಮಾಡಲಿಲ್ಲ.

ಏಪ್ರಿಲ್ 3, ಶುಕ್ರವಾರ

ಓನರ್ ಹತ್ತಿರ ಹೋದೆ. ಕುಡಿಯುವವಳು ನಾನು, ಅವನಲ್ಲ ಅಂದೆ. ಇಷ್ಟು ದಿನ ಬಾರದ ಮಾತು ಎಷ್ಟು ಸಲೀಸಾಗಿ ಬಂತು.

ಅವರು ನೀರಿನ ಲೋಟ ಮುಂದಿಟ್ಟರು. ಕಣ್ಣಲ್ಲಿ ನೀರಿತ್ತು ಅವರಿಗೆ. "ನಂಗೂ ಅಕ್ಕ ಇದಾಳಮ್ಮ. ನನ್ನ ಉಳಿಸೋಕೆ ಅವಳೂ ಹೀಗೇ ಹೇಳ್ತಿದ್ಲು." ಗೇಟಿನವರೆಗೆ ಬಂದು ಬೀಳ್ಕೊಟ್ಟರು.

ಏಪ್ರಿಲ್ 4, ಶನಿವಾರ

ಗುಂಪಿನಲ್ಲಿ ಎದ್ದು ನಿಂತು ಹೇಳಿದೆ. ಎಲ್ಲ. ಫ್ಲಶ್ ಟ್ಯಾಂಕ್, ಗ್ಯಾಸ್, ಎಲ್ಲ ನಾನೇ ಅಂತ.

ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಮನೆಯವರು ತಪ್ಪನ್ನ ತಲೆ ಮೇಲೆ ಹೊತ್ಕೊಳ್ಳೋದು ನಾವು ಬಹಳ ನೋಡಿದೀವಿ. ಅದೂ ಈ ಕಾಯಿಲೇದೇ ಒಂದು ಮುಖ" ಎಂದರು ಚೇರ್‌ಮನ್. ತಮ್ಮ ಎದ್ದ — "ಸರ್, ಅಕ್ಕ ಹೇಳ್ತಿರೋದು ನಿಜ. ನಾನು ಜೀವನದಲ್ಲಿ ಕುಡಿದಿಲ್ಲ." ಕೆಂಪು ಕುರ್ಚಿಗಳು ಗೊಳ್ಳೆಂದು ನಕ್ಕವು. ಬಸ್ ಡ್ರೈವರ್ ಅವನ ಬೆನ್ನು ತಟ್ಟಿದ, "ನಾನೂ ಮೊದ್ಲು ಇದನ್ನೇ ಹೇಳಿದ್ದು ಗುರು."

ಕೈ ಚಾಚಿ ತೋರಿಸಿದೆ. ನೋಡಿ ಅಂದೆ. ಹಾಳಾದ್ದು, ಕಲ್ಲಿನ ಹಾಗೆ ನಿಂತಿತ್ತು. ಆಸ್ಪತ್ರೆ ಚೀಟಿ ತೋರಿಸೋಣ ಅಂದರೆ ಜ್ವರ, ನಿಶ್ಶಕ್ತಿ ಅಂತಲೇ ಇದೆ — ನಾನೇ ಡಾಕ್ಟರನ್ನು ಕಾಡಿ ಹಾಗೆ ಬರೆಸಿದ್ದು.

ಏಪ್ರಿಲ್ 7, ಮಂಗಳವಾರ. ಸಂಜೆ

ಓನರ್ ಇವತ್ತು ಗುಂಪಿಗೇ ಬರುತ್ತಾರಂತೆ. ಚೇರ್‌ಮನ್ ಹತ್ತಿರ ಕೇಳಿ ತೀರ್ಮಾನ ಮಾಡುತ್ತಾರಂತೆ. ಚೇರ್‌ಮನ್ ಸುಳ್ಳು ಹೇಳುವವರಲ್ಲ. ತಮಗೆ ಗೊತ್ತಿರುವುದನ್ನೇ ಹೇಳುತ್ತಾರೆ, ಒಳ್ಳೆ ಹುಡುಗ, ಬಿಡುತ್ತಿದ್ದಾನೆ, ಸ್ವಲ್ಪ ಕಾಲ ಬೇಕು ಅಂತ. ಅಲ್ಲಿಗೆ ಅವನ ಕೆಲಸ ಹೋಯಿತು.

ಬಾಯಿಮಾತನ್ನು ಯಾರೂ ನಂಬಲಿಲ್ಲ. ಕಣ್ಣಾರೆ ಕಂಡರೆ ನಂಬಲೇಬೇಕಲ್ಲ. ಕ್ಲಿನಿಕ್‌ನಿಂದ ಬರುವಾಗ ಒಂದು ಬಾಟಲಿ ತಂದಿದ್ದೇನೆ. ಟೇಬಲ್ ಮೇಲಿದೆ. ಅಂಗಡಿಯವನು "ಏನ್ ಮೇಡಂ, ಬಹಳ ದಿನ ಆಯ್ತು" ಅಂದ. ಅವನನ್ನು ಸಾಕ್ಷಿಗೆ ಕರೆಯೋಣ ಅಂತಲೂ ಹೊಳೆಯಿತು. ಕರೆದೆ ಕೂಡ. ನನಗೆ ವ್ಯಾಪಾರ ಇದೆ ಅಂದ.

ಅರ್ಧ ಸಾಕು. ಮುಚ್ಚಳದಲ್ಲಿ ಅಳೆಯುವುದು ಬೇಡ ಇವತ್ತು. ನೆಟ್ಟಗೆ ಹೋಗಿ ನಡುವೆ ನಿಂತರಾಯಿತು, ವಾಸನೆಯೇ ಮಾತಾಡುತ್ತದೆ. ಓನರ್ ಕೀ ವಾಪಸ್ ಕೊಡುತ್ತಾರೆ. ನಾಳೆಯಿಂದ ನಾನು ಮತ್ತೆ ಬಿಡುತ್ತೇನೆ. ಒಂದು ಸಲ ಬಿಟ್ಟವಳಿಗೆ ಇನ್ನೊಂದು ಸಲ ಏನು ಕಷ್ಟ —

ಓದಿ ನೋಡಿದೆ ಮೇಲಿನ ಸಾಲನ್ನು.

ಕುಡಿಯಲು ಎಷ್ಟು ಕಾರಣ ಹೇಳಿಕೊಂಡಿದ್ದೇನೆ ಇಷ್ಟು ವರ್ಷ. ಇಷ್ಟು ಒಳ್ಳೆಯದು ಒಂದೂ ಸಿಕ್ಕಿರಲಿಲ್ಲ. ಬಾಯಲ್ಲಿ ನೀರೂರುತ್ತಿದೆ, ಅದು ತಮ್ಮನ ಮೇಲಿನ ಪ್ರೀತಿಗಂತೂ ಅಲ್ಲ. ಹೆದರಿಕೆ ಆಗುತ್ತಿದೆ. ಕುಡಿದರೆ ನಾನು ಹೋದೆ. ಕುಡಿಯದಿದ್ದರೆ ಅವನು ಹೋದ.

ಕೆಳಗೆ ಸ್ಕೂಟರಿನ ಹಾರ್ನ್. "ಅಕ್ಕ, ಟೈಮಾಯ್ತು."

ಬಂದೆ ಅಂದೆ. ಎದ್ದಿಲ್ಲ. ಎಡಗೈ ಬಾಟಲಿಯ ಕತ್ತಿನ ಮೇಲಿದೆ, ಯಾವಾಗ ಹೋಯಿತೋ. ಮತ್ತೆ ಹಾರ್ನ್. ಮೆಟ್ಟಿಲ ಮೇಲೆ ಅವನ ಕಾಲ ಸಪ್ಪಳ. ಬಾಗಿಲು ಹಾಕಿಲ್ಲ ನಾನು. ಅವನು ಒಳಗೆ ಬರುವಷ್ಟರಲ್ಲಿ ನಾನು —