ಎರಡು ಸಲ ಜಗ್ಗಿದ ಹಗ್ಗ

ಆಳಂದ
೧೨ ಜುಲೈ ೧೯೪೮

ಚಿ. ಸೌ. ಗೌರಾಬಾಯಿಗೆ ಹಣಮಂತ್ರಾಯನ ಆಶೀರ್ವಾದಗಳು.

ನಿನ್ನ ಕೆಮ್ಮು ಕಡಿಮೆಯಾಯಿತೇ? ತವರಿನಲ್ಲಿದ್ದೇನೆಂದು ಕಂಡ ಕೆಲಸಕ್ಕೆಲ್ಲ ಕೈ ಹಾಕಬೇಡ. ಮಗಳು ಹೆಜ್ಜೆ ಇಡುತ್ತಾಳಂತೆ, ನೋಡುವ ಆಸೆಯಾಗಿದೆ. ಆದರೆ ಇಲ್ಲಿ ರಜಾಕಾರರ ಗಲಾಟೆ ತಣ್ಣಗಾಗುವ ತನಕ ನೀವೆಲ್ಲ ಅಕ್ಕಲಕೋಟೆಯಲ್ಲೇ ಇರಿ. ನಿನ್ನ ಜೊತೆ ಬಂದ ಬಾಳಮ್ಮನನ್ನು ಒಂಟಿ ಬಿಡಬೇಡ. ಆ ದಿನ ಗಡಿಯ ನಾಕಾ ಬಂದಾಗಿ ಗಂಡ ಅಮೋಘಸಿದ್ದನ ಮಣ್ಣಿಗೂ ಬರಲಾಗಲಿಲ್ಲ ಆ ತಾಯಿಗೆ.

ಅವನು ಹೋಗಿ ಇಂದಿಗೆ ಇಪ್ಪತ್ತು ದಿನ. ನೆಲದೊಳಗಿನ ಹಗೇವು ತೆಗೆದು ಜೋಳ ಎತ್ತುವುದರಲ್ಲಿ ಹನ್ನೆರಡು ವರ್ಷ ನಾವಿಬ್ಬರೂ ಜೋಡಿ. ಅವನು ಒಳಗೆ, ನಾನು ಮೇಲೆ, ನಡುವೆ ಹಗ್ಗ. ಒಂದು ಸಲ ಜಗ್ಗಿದರೆ ಬುಟ್ಟಿ ತುಂಬಿದೆ ಎಂದು, ಎರಡು ಸಲ ಜಗ್ಗಿದರೆ ನನ್ನನ್ನು ಎತ್ತು ಎಂದು. ಆ ಕಿಡಿಗೇಡಿ ಎರಡು ಸಲ ಜಗ್ಗುವನು, ನಾನು ಎದ್ದುಬಿದ್ದು ಎಳೆಯುವೆ, ಬಂದರೆ ಬುಟ್ಟಿಯಲ್ಲಿ ಜೋಳದ ರಾಶಿ, ಅದರ ಮೇಲೆ ತಲೆಯಂತೆ ಅವನ ರುಮಾಲು! ಒಳಗಿನಿಂದ ನಗು. ಅಫಜಲಪುರದಲ್ಲಿ ಒಬ್ಬ ಗೌಡರು, ಸರಕಾರಕ್ಕೆಂದು ಜೋಳ ವಸೂಲಿ ಮಾಡುವ ಲೆವಿಯವರಿಗೆ ಹೆದರಿ ಬೆವರುತ್ತ ನಿಂತಾಗ, "ಗೌಡ್ರ, ನೀವೂ ಇಳೀರಿ, ಒಳಗ ತಂಪೈತಿ. ಜ್ವಾಳದ ಸಂಗಡ ನಿಮ್ಮನ್ನೂ ಮುಚ್ಚಿಡ್ತೇನಿ" ಎಂದ. ಅಷ್ಟು ಸಿಟ್ಟಿನ ಗೌಡರೂ ನಕ್ಕುಬಿಟ್ಟರು. ಜೇವರ್ಗಿ ತನಕ ಅವನ ಮಾತು ಹೇಳಿ ನಗುವವರಿದ್ದಾರೆ. ಈಗ ಅವರೇ, ಚೇಷ್ಟೆಗಾರ ಚೇಷ್ಟೆ ಮಾಡುತ್ತಲೇ ಸತ್ತ ಎನ್ನುತ್ತಾರೆ. ನಾನು ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸುತ್ತೇನೆ.

"ಕಡೀಕ ಏನಂದ್ರು, ನಕ್ಕೋತ ಇಳದ್ರೇನು" ಎಂದು ಬಾಳಮ್ಮ ಕೇಳಿದ್ದಾಳೆಂದು ಬರೆದಿದ್ದೀಯ. ನನ್ನ ಪತ್ರಗಳನ್ನು ನೀನು ಅವಳಿಗೂ ಓದಿ ಹೇಳುತ್ತೀಯೆಂದು ಬಲ್ಲೆ. ಅದಕ್ಕೇ ಬರೆಯುತ್ತಿದ್ದೇನೆ. ನರೋಣಾದ ಬಸವಂತರಾಯ ಗೌಡರ ಹಗೇವು. ಬಾಯಿ ತೆಗೆದ ಕೂಡಲೇ ಉರಿಯುವ ಕಂದೀಲು ಇಳಿಬಿಟ್ಟು ನೋಡುವುದು ನಮ್ಮ ಪದ್ಧತಿ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿಯಬಾರದು. ಚಿಮಣಿ ಎಣ್ಣೆ ತಿಂಗಳಿಂದ ಎಲ್ಲಿಯೂ ಸಿಗುತ್ತಿಲ್ಲ, ಹಾಗಾಗಿ ಕಂದೀಲು ಹೊತ್ತಿಸಲಿಲ್ಲ. ನಾನು ತಡೆದೆ, ಅವನು ಕೇಳಲಿಲ್ಲ. ನಗುತ್ತಲೇ ಇಳಿದ. ಹೀಗೆಂದು ಅವಳಿಗೆ ಹೇಳು.

ಮಾವನವರಿಗೂ ಅತ್ತೆಯವರಿಗೂ ನಮಸ್ಕಾರ. ಮಗಳ ಕೆನ್ನೆ ಮುಟ್ಟಿ ನನ್ನ ಹೆಸರು ಹೇಳು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ಇಂತು ನಿನ್ನ
ಹಣಮಂತ್ರಾಯ

ತಾ.ಕ.: ಪತ್ರ ಒಯ್ಯುವ ಕರೀಮಸಾಬ ಬಂಡಿ ಹೂಡಿ ಕೂಗುತ್ತಿದ್ದಾನೆ, ಗಡಿಯ ಖಜೂರಿ ದಾಟಬೇಕಂತೆ. ಗೌರಾ, ಅವನು ಇಳಿದ ಬಗ್ಗೆ ಮೇಲೆ ಬರೆದದ್ದು ಸುಳ್ಳು. ತಡೆದವನು ಅವನು. "ಹೊತ್ತು ಮುಳುಗೂತನ ತಡಿಯೋಣು ಲೇ ಹಣಮ್ಯಾ, ಕೆಟ್ಟ ಗಾಳಿ ಹೋಗ್ಲಿ" ಎಂದ. ಮರುದಿನ ಲೆವಿಯವರು ಬರುವ ಮೊದಲು ಮುಗಿಸುತ್ತೇನೆಂದು ಗೌಡರಿಗೆ ಮಾತು ಕೊಟ್ಟವನು ನಾನು. "ನಿನ್ನ ನಾಟಕ ಸಾಕು, ಇಳಿ" ಎಂದು ಗದರಿದೆ. ಅವನು ನಗದೆ ಇಳಿದ. ಸ್ವಲ್ಪ ಹೊತ್ತಿಗೆ ಹಗ್ಗ ಎರಡು ಸಲ ಜಗ್ಗಿದ. ರುಮಾಲಿನ ಆಟವೆಂದುಕೊಂಡೆ. ನಕ್ಕು, ನಾನೂ ಮೇಲಿನಿಂದ ಎರಡು ಸಲ ಜಗ್ಗಿದೆ. ಆಮೇಲೆ ಹಗ್ಗ ಅಲುಗಲಿಲ್ಲ. ಬಾಳಮ್ಮನನ್ನು ಹತ್ತಿರ ಕೂರಿಸಿಕೊಂಡು ಇದನ್ನೂ ಓದು. ಒಂದಕ್ಷರ ಬಿಡಬೇಡ.