ಮೊದಲು ಕೇಳಿದವರು

ಮಾರ್ಚ್ 4, ಸೋಮವಾರ

ತೂಕದ ದಿನ. ಮೂವತ್ತೊಂದು ಮಕ್ಕಳು. ಒಂದೊಂದನ್ನೂ ಚೀಲದಲ್ಲಿ ಕೂರಿಸಿ, ತಕ್ಕಡಿಗೆ ತೂಗುಹಾಕಿ, ಅಳು ಕೇಳಿ, ಕಾರ್ಡಿನಲ್ಲಿ ಚುಕ್ಕೆ ಇಟ್ಟು... ಮಧ್ಯಾಹ್ನಕ್ಕೆ ಸೊಂಟ ಬಿದ್ದುಹೋಯಿತು. ರಾಜಧಾನಿ ತರಾವಾದಿಂದ ಹಡಗು ಇನ್ನೂ ಬಂದಿಲ್ಲ. ಕ್ಲಿನಿಕ್ಕಿನಲ್ಲಿ ಉಳಿದಿರುವುದು ಪ್ಯಾರಸಿಟಮಾಲ್ ಮಾತ್ರ. ತಲೆನೋವಿಗೂ ಅದೇ, ಮುರಿದ ಕೈಗೂ ಅದೇ.

ಹೊರಡುವಾಗ ಒಬ್ಬ ಹೆಂಗಸು ನನ್ನ ಕಾಲನ್ನೇ ನೋಡುತ್ತ ನಿಂತಳು. "ನರ್ಸಮ್ಮ, ನಿಮ್ಮ ಚಪ್ಪಲಿ ನಂಗೆ ಬೇಕಿತ್ತು." ಮುಗಿಯಿತು. ಬುಬುಸಿ. ನಂಟರು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ಈ ದ್ವೀಪದಲ್ಲಿ ನಂಟರಲ್ಲದವರು ಯಾರು? ಇಲ್ಲ ಅಂದರೆ ಸಭಾಮನೆಯಲ್ಲಿ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ವರ್ಷ ಶುರುವಾಗಿ ಮೂರು ತಿಂಗಳಾಗಿಲ್ಲ, ಇದು ಎರಡನೇ ಜೊತೆ. ಬರಿಗಾಲಲ್ಲಿ ಹವಳದ ಚೂರು ತುಳಿದುಕೊಂಡು ಬಂದೆ. ನನ್ನದು ಅಂತ ಇಲ್ಲಿರುವುದು ನನ್ನ ಹಲ್ಲು ಮಾತ್ರ.

ಬಸಿರಿಗೆ ಹದಿನಾಲ್ಕನೇ ವಾರ. ಹಿಂದಿನ ಎರಡೂ ಇಷ್ಟು ದಿನ ನಿಂತಿರಲಿಲ್ಲ. ನನಗೆ ಮೂವತ್ತೆಂಟು. ದೇವರೇ, ಇದೊಂದು ಉಳಿಯಲಿ.

ಮಾರ್ಚ್ 10, ಭಾನುವಾರ

ಪ್ರಾರ್ಥನೆ ಮುಗಿಸಿ ಬಂದರೆ ನನ್ನ ಗಂಡ ಕೌರೆಯ ದೊಡ್ಡಮ್ಮ ನಮ್ಮ ಚಾಪೆ ಮೇಲೆ ಕೂತಿದ್ದಾಳೆ. ಅವನನ್ನು ಸಾಕಿದವಳು. ಅನ್ನ, ಮೀನು ಎರಡು ಸಲ ಬಡಿಸಿಕೊಂಡಳು. ಕಣ್ಣು ಮಾತ್ರ ನನ್ನ ಹೊಟ್ಟೆ ಮೇಲೆ.

"ಚೆನ್ನಾಗಿ ತಿನ್ನೇ. ನಮ್ಮ ಕೂಸು ಸೊರಗಬಾರದು."

ನಮ್ಮ ಕೂಸಂತೆ! ಮೈದುನನ ಎರಡು ಮಕ್ಕಳನ್ನು ಆಗಲೇ ಹೀಗೇ ಕೇಳಿ ಪಡೆದಿದ್ದಾಳೆ. ಅವು ಅವಳ ಮನೆಯಲ್ಲಿ ನೀರು ಹೊರುತ್ತವೆ, ಕಾಲು ಒತ್ತುತ್ತವೆ. ಕೇಳುವುದು ಆರನೇ ತಿಂಗಳಲ್ಲಿ, ಬೇಯಿಸಿದ ಕೆಸುವಿನ ಗೆಡ್ಡೆ ತಂದಿಟ್ಟು. ಇಡೀ ಊರಿಗೆ ಗೊತ್ತು.

ಅವಳು ಹೋದ ಮೇಲೆ ಕೌರೆಯನ್ನು ಕೇಳಿದೆ. "ಕೇಳಿದ್ರೆ ಏನು ಹೇಳ್ತೀಯ?"

"ಏನು ಹೇಳ್ಲಿ ಮಾರಾಯ್ತಿ? ನನ್ನನ್ನೇ ಬೆಳೆಸಿದವಳು." ಎದ್ದು ನೀರಾ ಇಳಿಸಲು ಮರ ಹತ್ತಿದ. ಕಷ್ಟದ ಮಾತು ಬಂದರೆ ಇವನಿಗೆ ಮರ ನೆನಪಾಗುತ್ತದೆ.

ಮಾರ್ಚ್ 13, ಬುಧವಾರ

ಮೈದುನನ ಹೆಂಡತಿ ಕ್ಲಿನಿಕ್ಕಿಗೆ ಬಂದಿದ್ದಳು, ಕೆಮ್ಮು. ಔಷಧಿ ಇಲ್ಲ. ಬಿಸಿನೀರು ಕೊಟ್ಟೆ. "ಚಿಕ್ಕವನು ನನ್ನನ್ನ ಚಿಕ್ಕಮ್ಮ ಅಂತಾನೆ ಅಕ್ಕ," ಅಂದಳು. ನಕ್ಕಳು. ಆ ನಗು ನೋಡಲಾಗಲಿಲ್ಲ.

ಆಗ ಹೊಳೆಯಿತು. ಒಬ್ಬರಿಗೆ ಮಾತು ಕೊಟ್ಟಿದ್ದನ್ನು ಇನ್ನೊಬ್ಬರು ಕೇಳುವ ಹಾಗಿಲ್ಲ. ಯಾರಾದರೂ ಮೊದಲೇ ಕೇಳಿಬಿಟ್ಟಿದ್ದರೆ? ನನ್ನ ಸ್ವಂತ ಅಕ್ಕ ಕಿನಾಯಿ ಇದ್ದಾಳೆ, ದ್ವೀಪದ ಉತ್ತರದ ತುದಿಯಲ್ಲಿ. ಮಕ್ಕಳಿಲ್ಲ. ಕೇಳಿದಳು ಅಂದರೆ ಎಲ್ಲರೂ ನಂಬುತ್ತಾರೆ. ಹೆಸರಿಗೆ ಮಾತ್ರ. ಸೈಕಲ್ ತೆಗೆದುಕೊಂಡು ಹೊರಟೇಬಿಟ್ಟೆ.

"ನಾಟಕಾನಾ?" ಅಂದಳು ಅಕ್ಕ.

"ನಾಟಕಾನೇ. ಶನಿವಾರ ಬಂದು ಎಲ್ಲರೆದುರು ಕೇಳು. ಅಷ್ಟು ಸಾಕು."

ಕೈಯಲ್ಲಿದ್ದ ಮೀನು ಉಜ್ಜಿ ಮುಗಿಸಿದಳು. ಆಮೇಲೆ, "ಬರ್ತೀನಿ ಬಿಡು."

ಮಾರ್ಚ್ 16, ಶನಿವಾರ

ಬಂದಳು. ಹೊಗೆಸೊಪ್ಪಿನ ಸುರುಳಿ, ಹೊಸ ಚಾಪೆ, ಎಲ್ಲ ಕ್ರಮವಾಗಿ. ಸಾಕ್ಷಿಗೆ ದೊಡ್ಡಮ್ಮನ ಪಕ್ಕದ ಮನೆಯವಳನ್ನೇ ಕರೆದಿದ್ದೆ. ಸುದ್ದಿ ನನಗಿಂತ ಬೇಗ ನಡೆಯಲಿ ಅಂತ.

"ಈ ಹೊಟ್ಟೇಲಿರೋ ಕೂಸನ್ನ ನಂಗೆ ಕೊಡು ಅಂತ ಕೇಳೋಕೆ ಬಂದಿದೀನಿ."

"ಕೊಟ್ಟೆ," ಅಂದೆ.

ಅಬ್ಬಾ, ಏನು ನಟನೆ! ಅಕ್ಕನ ಕಣ್ಣಲ್ಲಿ ನೀರು ಬೇರೆ. ಅವಳು ಹೋದ ಮೇಲೆ ನಾನೂ ಕೌರೆಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೇ 12, ಭಾನುವಾರ

ಆರನೇ ತಿಂಗಳು. ದೊಡ್ಡಮ್ಮ ಗೆಡ್ಡೆ ತಂದೇ ತಂದಳು. ಸುದ್ದಿ ತಿಳಿದೂ ಬಂದಿದ್ದಾಳೆ, ನನ್ನ ಬಾಯಿಂದಲೇ ಕೇಳಬೇಕಂತೆ. ಅಕ್ಕ ಮೊದಲು ಕೇಳಿಯಾಯಿತು ಅಂದೆ. ಮುಖ ಹುಳ್ಳಗಾಯಿತು. "ನಿಮ್ಮಕ್ಕಂಗೆ ಅವಸರ ಜಾಸ್ತಿ," ಅಂದಳು.

ಗೆಡ್ಡೆ ಬಿಟ್ಟುಹೋದಳು. ಒಂದು ಚೂರೂ ಬಿಡದೆ ತಿಂದೆ.

ಜೂನ್ 6, ಗುರುವಾರ

ಹಡಗು ಬಂತು. ಲಸಿಕೆಯ ಪೆಟ್ಟಿಗೆಯಲ್ಲಿ ಐಸ್ ಕರಗಿ ನೀರಾಗಿದೆ. ಎಲ್ಲವನ್ನೂ ಗುಂಡಿ ತೋಡಿ ಹೂತೆ. ಮತ್ತೆ ಎರಡು ತಿಂಗಳು ಕಾಯಬೇಕು. ತಾಯಂದಿರ ಬೈಗುಳ ಮಾತ್ರ ನನಗೆ, ಇವತ್ತೇ ಲಸಿಕೆ ಕೊಡಿ ಅಂತ.

ಅಕ್ಕ ವಾರವಾರವೂ ಜೋನಿಬೆಲ್ಲ, ಒಣಮೀನು ಕಳಿಸುತ್ತಿದ್ದಾಳೆ. ಈ ಸಲ ತಾನೇ ತಂದಳು. ಪುಟ್ಟ ಚಾಪೆಯೊಂದನ್ನು ಹೆಣೆಯುತ್ತಿದ್ದಾಳೆ, ಕೇದಗೆಯ ಎಳೆ ಎಲೆ, ಬಟ್ಟೆಯಷ್ಟು ಮೆತ್ತಗೆ.

"ಸಾಕು ಬಿಡೇ ಅಕ್ಕ, ಇಲ್ಲಿ ಯಾರೂ ನೋಡ್ತಿಲ್ಲ," ಅಂದೆ.

ಅಕ್ಕ ಇನ್ನೊಂದು ಎಲೆ ಸೀಳಿ ಹೆಣಿಗೆಗೆ ಸೇರಿಸಿದಳು.

ಜುಲೈ 19, ಶುಕ್ರವಾರ

ಭಾವ ಹೊಸ ಗುಡಿಸಲು ಕಟ್ಟಿಸಿದ್ದಾನಂತೆ, ಸೊಳ್ಳೆಪರದೆ ಸಮೇತ. ಉತ್ತರದ ಹೆಂಗಸರು ಅಕ್ಕನನ್ನು ತಾಯಿ ಅಂತ ಕರೆಯಲು ಶುರುಮಾಡಿದ್ದಾರೆ. ಇನ್ನು ಕಣ್ಣುಮುಚ್ಚಿ ಕೂರಲಾಗಲಿಲ್ಲ. ಹೋದೆ.

"ಅಕ್ಕ, ನಾಟಕ ಅಂತ ಮಾತಾಗಿತ್ತಲ್ಲ?"

"ನೀನು ನಾಟಕ ಅಂದೆ. ನಾನು ಕೇಳಿದೆ. ನೀನು ಕೊಟ್ಟೆ."

"ಅಕ್ಕ..."

"ಇಪ್ಪತ್ತು ವರ್ಷ ಕಣೇ. ಯಾರ ಹತ್ರಾನೂ ಕೇಳಿಲ್ಲ. ಬಂಜೆ ಬಂದ್ಲು ಮಗು ಬೇಡೋಕೆ ಅಂತಾರಲ್ಲ ಅನ್ನೋ ನಾಚಿಕೆ. ನೀನೇ ಮನೆ ಬಾಗಿಲಿಗೆ ಬಂದು ಕೇಳು ಅಂದೆ. ನಾನೇನು ಕಲ್ಲಾ?"

ಸೈಕಲ್ ತಳ್ಳಿಕೊಂಡೇ ಬಂದೆ. ಕೌರೆಗೆ ಹೇಳಿದೆ, ಎಲ್ಲರೆದುರು ನಿಜ ಹೇಳಿಬಿಡೋಣ ಅಂತ. ಈ ಸಲ ಅವನು ಮರ ಹತ್ತಲಿಲ್ಲ. "ಅದು ಸುಳ್ಳು ಅಂತ ಒಪ್ಪಿಕೊಂಡ್ರೆ ನಾಳೆ ಬೆಳಿಗ್ಗೆ ದೊಡ್ಡಮ್ಮ ಬಂದು ಕೇಳ್ತಾಳೆ."

ಹೌದು. ಬಲೆ ನೇಯ್ದವಳು ನಾನು, ಬಿದ್ದವಳೂ ನಾನು. ಥೂ, ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ.

ಸೆಪ್ಟೆಂಬರ್ 3, ಮಂಗಳವಾರ

ಹೆಣ್ಣು. ಎರಡು ಕಿಲೋ ಒಂಬೈನೂರು. ಬೆಳಗಾಗುತ್ತಲೇ ಹುಟ್ಟಿದಳು. ಕೈ ಹಿಡಿದುಕೊಂಡು ಕೂತಿದ್ದವಳು ಅಕ್ಕ. ಹೆಸರಿಟ್ಟವಳೂ ಅವಳೇ, ತೋರೆಕಾ ಅಂತ.

"ಈಗಲೇ ಒಯ್ಯಲ್ಲ," ಅಂದಳು. "ಆರು ತಿಂಗಳು ತಾಯಿ ಹಾಲೇ ಕೊಡಿ ಅಂತ ನೀನೇ ಎಲ್ಲರಿಗೂ ಹೇಳ್ತೀಯಲ್ಲ. ಆರು ತಿಂಗಳು ಇರಲಿ."

ಹೇಳುತ್ತೇನೆ. ಹನ್ನೊಂದು ವರ್ಷದಿಂದ ಗಂಟಲು ಹರಿದುಕೊಂಡು ಹೇಳುತ್ತಿದ್ದೇನೆ. ಒಂದು ವರ್ಷ ಅಂತ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಫೆಬ್ರವರಿ 20, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಪೆನ್ನು ಹಿಡಿಯುವ ಕೈಯಲ್ಲಿ ಅವಳಿದ್ದಳು. ಈಗ ನಗುತ್ತಾಳೆ, ನನ್ನ ಮೂಗು ಹಿಡಿದು ಎಳೆಯುತ್ತಾಳೆ. ನಾನು ಕ್ಲಿನಿಕ್ಕಿಗೆ ಹೊರಟರೆ ತುಟಿ ಉಬ್ಬಿಸುತ್ತಾಳೆ.

ಇನ್ನು ಹನ್ನೊಂದು ದಿನ. ಆದರೆ ಒಂದು ದಾರಿ ಸಿಕ್ಕಿದೆ! ಒಪ್ಪಿಸಿದ ಮೇಲೆ ಮಗು ಅಕ್ಕನದು. ಅಕ್ಕನದು ಅಂದ ಮೇಲೆ ನಾನು ಕೇಳಬಹುದು. ಒಡಹುಟ್ಟಿದವಳು ಎಲ್ಲರೆದುರು ಬಾಯಿಬಿಟ್ಟು ಕೇಳಿದರೆ ಅವಳೂ ಇಲ್ಲ ಅನ್ನುವ ಹಾಗಿಲ್ಲ. ಮಡಿಲಿಗೆ ಹಾಕಬೇಕು, ಆ ಕ್ಷಣದಲ್ಲೇ ಕೇಳಬೇಕು. ಅಕ್ಕ ಸತ್ತಹಾಗಾಗುತ್ತಾಳೆ. ಗೊತ್ತು. ಆಗಲಿ. ನಾನೇನು ಕಲ್ಲಾ?

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11

ಅಕ್ಕ, ಭಾವ ಉಬ್ಬರದ ಜೊತೆ ದೋಣಿಯಲ್ಲಿ ಬಂದರು. ನಂಟರೆಲ್ಲ ಕೂತರು. ದೊಡ್ಡಮ್ಮನೂ ಇದ್ದಳು, ಬಾಯ್ತುಂಬ ಅನ್ನ. ತೋರೆಕಾಳನ್ನು ಅಕ್ಕನ ಮಡಿಲಿಗೆ ಹಾಕಿದೆ. ಬಾಯಿ ತೆರೆದೆ. ಅಕ್ಕ ನನಗಿಂತ ಮುಂಚೆ ತೆರೆದಳು.

"ಎಲ್ಲರೂ ಇದ್ದೀರ, ಅದಕ್ಕೇ ಈಗಲೇ ಕೇಳ್ತೀನಿ. ತಂಗಿ, ಇದೊಂದೇ ಕೊನೇದು. ಈ ಮಗೂನ ಯಾವತ್ತೂ ನನ್ನ ಹತ್ರ ವಾಪಸು ಕೇಳಬೇಡ."

ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡಮ್ಮ ಅಗಿಯುವುದನ್ನೂ ನಿಲ್ಲಿಸಿದಳು.

"ಆಗ್ಲಿ," ಅಂದೆ. ಹುಟ್ಟಿದಾಗಿನಿಂದ ಈ ಬಾಯಿಗೆ ಕಲಿಸಿರುವುದು ಅದೊಂದೇ ಮಾತು.

ಅಕ್ಕ ನನ್ನ ಮುಖ ನೋಡಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ನನಗೆ ಹೊಳೆದದ್ದು ಅವಳಿಗೆ ಹೊಳೆಯದೆ ಇರುತ್ತದೆಯೆ? ಎಷ್ಟು ದಿನದಿಂದ ಹೆದರಿಕೊಂಡಿದ್ದಳೋ. ಅವಳ ಮೇಲೆ ಸಿಟ್ಟು ಬರುತ್ತಿದೆ, ಅಯ್ಯೋ ಅನ್ನಿಸುತ್ತಲೂ ಇದೆ. ಸಿಟ್ಟೇ ಹೆಚ್ಚು.

ಒಳಗೆ ಬಂದು ಕೂತಿದ್ದೇನೆ. ಇಳಿತ ಶುರುವಾಗುವ ಮುಂಚೆ ಹೊರಡಬೇಕಂತೆ. ಹಾಲು ತುಂಬಿ ಎದೆ ಬಿಗಿದಿದೆ, ಅಂಗಿ ಒದ್ದೆ. ಬೆಳಗಿನಿಂದ ಒಂದೇ ಸಲ ಕುಡಿಸಿದ್ದು, ಅದೂ ಅರ್ಧ. ಹೊರಡುವ ಮುಂಚೆ ಇನ್ನೊಂದು ಸಲ ಕೊಡೇ ಅಕ್ಕ, ಕುಡಿಸಿಕೊಡ್ತೀನಿ ಅಂತ ಹೇಳಬಹುದಲ್ಲ? ಅಥವಾ ಅದೂ ವಾಪಸು ಕೇಳಿದ ಹಾಗೆ ಆಗುತ್ತದೆಯೆ?

ಅಳುತ್ತಿದ್ದಾಳೆ. ಹಸಿವಿನ ಅಳು ಅದು, ಅಕ್ಕನಿಗೆ ಗೊತ್ತಾಗುವುದಿಲ್ಲ, ನಾನು ಹೋಗಿ—